ಬೆಳಗ್ಗೆ ಸರಿಯಿರುವ ಕೈ

ಆಕೆ ಆ ದಿನ ಮಾತನಾಡಿದರೋ ಇಲ್ಲವೋ ಎಂಬುದು ನನಗೆ ಖಚಿತವಿಲ್ಲ. ನನ್ನ ನೆನಪಿನಲ್ಲಿ ಅವರು ಯಂತ್ರದ ಪರದೆಯಿಂದ ಮುಖ ತಿರುಗಿಸಿ, ಒಂದೊಂದು ಅಕ್ಷರವೂ ಕೇಳುವಂತೆ, "ಈಗ ನಂಬ್ತೀರಾ?" ಎಂದು ಕೇಳುತ್ತಾರೆ. ಆದರೆ ಆ ಹೊತ್ತಿಗೆ ಅವರ ನಾಲಗೆ ಯಾವ ಅಕ್ಷರವನ್ನೂ ಸರಿಯಾಗಿ ಹೇಳುವ ಸ್ಥಿತಿಯಲ್ಲಿರಲಿಲ್ಲ. ಪಕ್ಕದಲ್ಲೇ ನಿಂತಿದ್ದ ಟೆಕ್ನಿಷಿಯನ್, "ಅವರು ಎಂತದೂ ಹೇಳ್ಲಿಲ್ಲ ಸರ್, ಅತ್ತೆಯವರು ತುಳುವಿನಲ್ಲಿ ಏನೋ ಹೇಳಿದ್ರು" ಎನ್ನುತ್ತಾರೆ. ನಾನು ಕಾರ್ಕಳದವನು. ತುಳುವಿನಲ್ಲಿ ಕೇಳಿದ್ದನ್ನು ಕನ್ನಡದಲ್ಲಿ ನೆನಪಿಟ್ಟುಕೊಳ್ಳುವುದು ನನಗೆ ಹೊಸದೇನಲ್ಲ. ಆದ್ದರಿಂದ ಇಲ್ಲಿ ಯಂತ್ರ, ಕೈ, ನರ ಇವುಗಳ ಬಗ್ಗೆ ಹೇಳುವುದನ್ನು ಧೈರ್ಯವಾಗಿ ಹೇಳುತ್ತೇನೆ. ಮಾತುಗಳನ್ನು ನೆನಪಿಗೆ ಬಂದಂತೆ ಬರೆಯುತ್ತೇನೆ.

ಆಗ ನಾನು ಉಡುಪಿಯ ಒಂದು ನರರೋಗ ಕ್ಲಿನಿಕ್ಕಿನಲ್ಲಿ ನರಗಳ ಪರೀಕ್ಷೆ ಮಾಡುತ್ತಿದ್ದೆ. ಓದಿದ್ದು ಮಣಿಪಾಲದಲ್ಲಿ, ಬಾಡಿಗೆಯ ಕೋಣೆಯೂ ಅಲ್ಲೇ. ಕೆಲಸ ಕೇಳಲು ಸುಲಭ. ಮಣಿಕಟ್ಟಿನ ಬಳಿ ನರಕ್ಕೆ ಸಣ್ಣ ವಿದ್ಯುತ್ ಆಘಾತ ಕೊಡಬೇಕು, ಆ ನರ ಕುಣಿಸುವ ಸ್ನಾಯುವಿನ ಮೇಲೆ ಅಂಟಿಸಿದ ತಂತಿಯಿಂದ ಉತ್ತರ ಹಿಡಿಯಬೇಕು. ಉತ್ತರ ಪರದೆಯ ಮೇಲೆ ಒಂದು ದಿಬ್ಬದಂತೆ ಮೂಡುತ್ತದೆ. ಬೆಳಗ್ಗೆ ರೋಗಿಗಳು ಬರುವ ಮೊದಲು ನನ್ನ ಮಣಿಕಟ್ಟಿಗೇ ಒಮ್ಮೆ ಆಘಾತ ಕೊಟ್ಟು ಯಂತ್ರ ಸರಿಯಿದೆಯೇ ಎಂದು ನೋಡುವುದು ನನ್ನ ಅಭ್ಯಾಸ. ಕಿರುಬೆರಳು ತಾನಾಗಿ ಹಾರುತ್ತದೆ. ಮೊದಮೊದಲು ನಗು ಬರುತ್ತಿತ್ತು. ಆ ಮಳೆಗಾಲದಲ್ಲಿ ನಗುವೂ ಬರುತ್ತಿರಲಿಲ್ಲ, ನೋವೂ ಅಷ್ಟಾಗಿ ತಿಳಿಯುತ್ತಿರಲಿಲ್ಲ. ಬೇರೆ ಯಾರದೋ ಬೆರಳು ಎಂಬಂತೆ ನೋಡುತ್ತಿದ್ದೆ. ಕಾರಣ ಈ ಬರಹಕ್ಕೆ ಬೇಕಿಲ್ಲ. ಊಟ ಮಾಡುತ್ತಿದ್ದೆ, ಬಸ್ಸು ಹತ್ತುತ್ತಿದ್ದೆ, ವರದಿಗೆ ಸಹಿ ಹಾಕುತ್ತಿದ್ದೆ. ಯಾವುದೂ ತಟ್ಟುತ್ತಿರಲಿಲ್ಲ.

ಆಕೆ ಇನ್ನಂಜೆಯವರು, ಮಲ್ಲಿಗೆ ಕಟ್ಟುವ ಹೆಂಗಸು, ವಯಸ್ಸು ಮೂವತ್ತರ ಆಚೀಚೆ. ಜೊತೆಯಲ್ಲಿ ಯಾವಾಗಲೂ ಅತ್ತೆ. ಬೆಳಕು ಹರಿಯುವಾಗ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಮಧ್ಯಾಹ್ನಕ್ಕೆ ಮೊದಲೇ ಹೂವಿನ ಕಟ್ಟೆಗೆ ಮುಟ್ಟಿಸಬೇಕು. ಇಷ್ಟು ಮೊಗ್ಗಿಗೆ ಒಂದು ಚೆಂಡು ಎಂದು ಲೆಕ್ಕ. ಮೊದಲ ಚೆಂಡು ಕಟ್ಟುವಾಗ ಅವರಿಗೆ ಏನೂ ತೊಂದರೆಯಿಲ್ಲ. ಎರಡನೆಯದರಲ್ಲಿ ನಾರು ಎರಡೆರಡಾಗಿ ಕಾಣುತ್ತದೆ. ಮೂರನೆಯದಕ್ಕೆ ರೆಪ್ಪೆ ಇಳಿಯುತ್ತದೆ, ಬೆರಳು ಬಿಗಿ ಕಳೆದುಕೊಳ್ಳುತ್ತದೆ, ಕತ್ತು ನಿಲ್ಲುವುದಿಲ್ಲ. ಮಧ್ಯಾಹ್ನದ ಊಟದಲ್ಲಿ ಗಂಜಿಯ ತಿಳಿ ಮೂಗಿನಿಂದ ಬರುತ್ತದೆ. ಒಂದು ನಿದ್ದೆ ಮಾಡಿ ಎದ್ದರೆ ಮತ್ತೆ ಎಲ್ಲ ಸರಿ. ಕೆಲಸದ ಹೊತ್ತಿಗೆ ಬರುವ, ನಿದ್ದೆ ಮಾಡಿದರೆ ಹೋಗುವ ಕಾಯಿಲೆಯನ್ನು ಅಕ್ಕಪಕ್ಕದವರು ಏನೆಂದು ಕರೆಯುತ್ತಾರೆಂದು ಬೇರೆ ಹೇಳಬೇಕಿಲ್ಲ.

ಕ್ಲಿನಿಕ್ಕಿನ ಹಿರಿಯ ವೈದ್ಯರಿಗೆ ಬಂದ ಅನುಮಾನ ಸರಿಯಾದದ್ದೇ. ದುಡಿದಷ್ಟೂ ಸ್ನಾಯು ಸೋಲುವ ಮಯಸ್ತೇನಿಯಾ ಎಂಬ ಕಾಯಿಲೆ ಇರಬಹುದೆಂದು ಅವರೇ ಮೊದಲು ಹೇಳಿದ್ದು. ಆದರೆ ಅವರು ರೋಗಿಗಳನ್ನು ನೋಡುವುದು ಬೆಳಗ್ಗೆ. ಅವರ ಮೇಜಿನ ಮುಂದೆ ಆಕೆಯ ರೆಪ್ಪೆ ಒಮ್ಮೆಯೂ ಇಳಿಯಲಿಲ್ಲ. ರಕ್ತಪರೀಕ್ಷೆಯಲ್ಲಿ ರೋಗದ ಗುರುತು ಸಿಗಲಿಲ್ಲ. ಈ ಕಾಯಿಲೆಯಿದ್ದೂ ರಕ್ತದಲ್ಲಿ ಗುರುತು ಸಿಗದವರು ಇದ್ದಾರೆ. ಹಾಗಾಗಿ ಆಕೆಯನ್ನು ನನ್ನ ಬಳಿ ಕಳಿಸಿದರು.

ನರ ಮತ್ತು ಸ್ನಾಯು ಒಂದನ್ನೊಂದು ಮುಟ್ಟುವುದಿಲ್ಲ. ನಡುವೆ ಸೂಕ್ಷ್ಮವಾದ ಒಂದು ಸಂದು ಇದೆ. ಕಪ್ಪೆಯಿಂದ ಮನುಷ್ಯನವರೆಗೆ, ಬೆನ್ನೆಲುಬಿರುವ ಎಲ್ಲ ಪ್ರಾಣಿಗಳಲ್ಲೂ ಇಲ್ಲಿ ಒಂದೇ ಏರ್ಪಾಡು. ನರದ ತುದಿಗೆ ಸಂಕೇತ ಬಂದಾಗ ಅದು ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕವನ್ನು ಪೊಟ್ಟಣ ಪೊಟ್ಟಣವಾಗಿ ಸಂದಿಗೆ ಸುರಿಯುತ್ತದೆ. ಆಚೆ ದಡದಲ್ಲಿ ಸ್ನಾಯುವಿನ ಮೇಲಿರುವ ಗ್ರಾಹಕಗಳು ಅದನ್ನು ಹಿಡಿಯುತ್ತವೆ, ಸ್ನಾಯು ಸೆಟೆಯುತ್ತದೆ. ಮರುಕ್ಷಣವೇ ಒಂದು ಕಿಣ್ವ ಬಂದು ಸುರಿದದ್ದನ್ನು ಒಡೆದು ಸಂದನ್ನು ಖಾಲಿ ಮಾಡುತ್ತದೆ. ನರವನ್ನು ಪದೇ ಪದೇ ಕೆಣಕಿದರೆ ಅದು ಪ್ರತಿ ಸಲ ಸ್ವಲ್ಪ ಸ್ವಲ್ಪ ಕಡಿಮೆ ಸುರಿಯುತ್ತದೆ. ಆರೋಗ್ಯವಂತರಲ್ಲಿ ಅದು ಗೊತ್ತಾಗುವುದಿಲ್ಲ, ಬೇಕಾದದ್ದಕ್ಕಿಂತ ಎಷ್ಟೋ ಹೆಚ್ಚು ಮೊದಲೇ ಇರುತ್ತದೆ. ಮಯಸ್ತೇನಿಯಾದಲ್ಲಿ ದೇಹದ ಪ್ರತಿಕಾಯಗಳೇ ಆಚೆ ದಡದ ಏರ್ಪಾಡನ್ನು ಹಾಳು ಮಾಡಿರುತ್ತವೆ. ಮೊದಲ ಸಂಕೇತ ದಾಟುತ್ತದೆ. ನಾಲ್ಕನೆಯದು ದಾಟದೆ ಹೋಗಬಹುದು. ಆದ್ದರಿಂದ ನಮ್ಮ ಪರೀಕ್ಷೆಯಲ್ಲಿ ಸೆಕೆಂಡಿಗೆ ಮೂರು ಆಘಾತದಂತೆ ಸಾಲಾಗಿ ಹಲವನ್ನು ಕೊಟ್ಟು, ನಾಲ್ಕನೆಯ ದಿಬ್ಬ ಮೊದಲನೆಯದಕ್ಕಿಂತ ಎಷ್ಟು ಕುಗ್ಗಿತು ಎಂದು ನೋಡುತ್ತೇವೆ.

ಮೊದಲ ಸಲ ಕುಗ್ಗಲಿಲ್ಲ. ಕಿರುಬೆರಳ ಬದಿಯ ಸ್ನಾಯುವಿನಲ್ಲಿ ಎಲ್ಲ ದಿಬ್ಬಗಳೂ ಒಂದೇ ಎತ್ತರ. ಭುಜದಲ್ಲೂ ಮುಖದಲ್ಲೂ ಪ್ರಯತ್ನಿಸಿದೆವು. ಅಲ್ಲಿ ಆಘಾತಕ್ಕೆ ಆಕೆ ಬೆಚ್ಚಿ ಅಲುಗಿದ್ದರಿಂದ ಗೆರೆಗಳು ನಂಬುವಂತಿರಲಿಲ್ಲ.

"ಕೈ ತಣ್ಣಗುಂಟಾ?" ಎಂದು ಟೆಕ್ನಿಷಿಯನ್ನರನ್ನು ಕೇಳಿದ್ದು ನೆನಪಿದೆ. ಅವರು ಬೆಳ್ಮಣ್ಣಿನಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದವರು. ನನಗಿಂತ ಹಿರಿಯರು, ಆದರೂ ಸರ್ ಎನ್ನುತ್ತಿದ್ದರು. ಚರ್ಮದ ತಾಪ ಅಳೆಯುವ ತಂತಿ ರಿಪೇರಿಗೆ ಹೋಗಿತ್ತು. ಅವರು ಆಕೆಯ ಕೈ ಮುಟ್ಟಿ, "ನಮ್ಮ ಕೈಯ ಹಾಗೆಯೇ ಉಂಟು ಸರ್" ಎಂದರು. ನಾನೂ ಮುಟ್ಟಿ ನೋಡಿದೆ. ಹಾಗೆಯೇ ಇತ್ತು.

ಹಿರಿಯ ವೈದ್ಯರು ಮಧ್ಯಾಹ್ನದ ಮೇಲೆ ಮತ್ತೊಮ್ಮೆ ಮಾಡಿ ಎಂದರು. ಮುಂದಿನ ವಾರ ಊಟದ ಹೊತ್ತು ಕಳೆದ ಮೇಲೆ ಇಬ್ಬರೂ ಬಂದರು. ಹೊರಗೆ ಮಳೆ. ಒದ್ದೆಯಾದ ಕೈಯನ್ನು ಒರೆಸಿ ತಂತಿ ಹಚ್ಚಿದೆವು. ದಿಬ್ಬಗಳು ಮತ್ತೆ ಸಮ.

"ಎರಡು ಸಲ ನಾರ್ಮಲ್," ಎಂದರು ಹಿರಿಯ ವೈದ್ಯರು. ಅವರು ಕಠಿಣ ಮನುಷ್ಯರಲ್ಲ, ದಣಿದಿದ್ದರು. "ನೀವು ವರದಿಗೆ ಸಹಿ ಹಾಕಿ ಕೊಡಿ. ಮನೋವೈದ್ಯರ ಹತ್ತಿರ ಕಳಿಸುವ. ನಿದ್ದೆಗೆ, ಆತಂಕಕ್ಕೆ ಸ್ವಲ್ಪ ಮಾತ್ರೆ ಕೊಟ್ಟರೆ ಸುಧಾರಿಸಬಹುದು."

ವರದಿ ಎಂದರೆ ಒಂದು ಪುಟ, ಕೆಳಗೆ ನನ್ನ ಸಹಿ. ಅದರಿಂದ ಏನಾಗುತ್ತದೆ ಎಂಬುದು ಇಬ್ಬರಿಗೂ ಗೊತ್ತಿತ್ತು. ನಮ್ಮ ಪರೀಕ್ಷೆ ಸರಿಯಾಗಿದ್ದರೆ ಆಕೆಗೆ ಮನೋವೈದ್ಯರು ಬೇಕು. ತಪ್ಪಾಗಿದ್ದರೆ, ನುಂಗಲಾಗದ ಸ್ಥಿತಿಗೆ ಬಂದ ಮಯಸ್ತೇನಿಯಾ ಉಸಿರಿನ ಸ್ನಾಯುಗಳಿಗೆ ಇಳಿಯಲು ಬಹಳ ದಿನ ಬೇಡ. ಅಂಥವರಿಗೆ ಅಮಲು ತರುವ ಮಾತ್ರೆ ಕೊಟ್ಟು ಮಲಗಿಸಿದರೆ ಬೆಳಗ್ಗೆ ಏಳದೆಯೂ ಇರಬಹುದು. ಇದನ್ನು ನಾನು ಆಗ ಗಾಬರಿಯಿಂದ ಯೋಚಿಸಿದೆ ಎಂದು ಬರೆದರೆ ಸುಳ್ಳಾಗುತ್ತದೆ. ಪಠ್ಯಪುಸ್ತಕದ ವಾಕ್ಯದಂತೆ ಅದು ತಲೆಯಲ್ಲಿ ಹಾದುಹೋಯಿತು. ಪೆನ್ನು ಹುಡುಕಿದೆ.

ಪೆನ್ನು ಹೊರಗಿನ ಕೌಂಟರಿನಲ್ಲಿತ್ತು. ಹೊರಗೆ ಬಂದರೆ ವರಾಂಡದ ಬೆಂಚಿನ ಮೇಲೆ ಅತ್ತೆ ಕೂತಿದ್ದರು. ಸೊಸೆ ಬಚ್ಚಲಿಗೆ ಹೋಗಿದ್ದರು.

"ಎಂತ ಡಾಕ್ಟ್ರೆ, ಈ ಸರ್ತಿಯಾದ್ರೂ ಪಾಸಾದ್ಲಾ ನಮ್ಮ ಹುಡುಗಿ?" ಎಂದರು.

ಪಾಸು ಎಂಬ ಮಾತಿಗೆ ನಾನು ನಿಂತೆ. "ಪಾಸಾಗ್ಲಿಕ್ಕೆ ಇದು ಶಾಲೆ ಅಲ್ಲ ಅಮ್ಮ. ಅವರು ಕೆಲಸ ಮಾಡಿಯೇ ಬಂದದ್ದಲ್ವಾ?"

"ಕೆಲಸವಾ! ಒಳ್ಳೇ ಕಥೆ. ಪರೀಕ್ಷೆ ಉಂಟು ಅಂದ್ಮೇಲೆ ಕೆಲಸ ಮಾಡಿಸ್ತಾರಾ? ನಿನ್ನೆಯಿಂದ ಒಂದು ಮೊಗ್ಗು ಮುಟ್ಲಿಕ್ಕೆ ಬಿಡ್ಲಿಲ್ಲ ನಾನು. ಉಂಡ್ಕೊಂಡು ಒಂದು ಗಂಟೆ ಮಲಗು ಅಂದೆ, ಆಮೇಲೆ ಬಸ್ಸು ಹತ್ತಿದ್ದು. ಬಸ್ಸಿನಲ್ಲಿಯೂ ಬಾಯಿ ಮುಚ್ಚಿ ಕೂತ್ಕೋ ಅಂದೆ. ಹೋದ ಸರ್ತಿಯೂ ಹಾಗೆಯೇ. ನಾಲ್ಕು ಜನ ಡಾಕ್ಟ್ರ ಎದುರು ಸೋತು ಬಿದ್ರೆ ಮರ್ಯಾದೆ ಎಲ್ಲಿ ಉಳೀತದೆ?"

ಸೊಸೆಯ ಮೇಲಿನ ಪ್ರೀತಿಯಿಂದಲೇ ಅವರು ರೋಗವನ್ನು ನಮ್ಮಿಂದ ಎರಡು ಸಲ ಬಚ್ಚಿಟ್ಟಿದ್ದರು. ವಿಶ್ರಾಂತಿ ಪಡೆದ ನರದ ತುದಿ ಪೊಟ್ಟಣಗಳನ್ನು ತುಂಬಿಕೊಂಡಿರುತ್ತದೆ. ಮಲಗಿ ಎದ್ದ ಕೈ ನನ್ನ ಯಂತ್ರದ ಮುಂದೆ ಆರೋಗ್ಯವಂತ ಕೈಯೇ. ಆಮೇಲೆ ಅವರು ನನ್ನ ಕೈ ಹಿಡಿದರು. ಏನೋ ಬೇಡಿಕೊಳ್ಳಲು ಹಿಡಿದದ್ದಿರಬೇಕು. ಹಿಡಿದವರು ತಟ್ಟನೆ ಬಿಟ್ಟರು.

"ಅಯ್ಯೋ ದೇವರೇ, ಎಂತ ಕೈ ಮಾರಾಯ್ರೆ ಇದು! ಹೆಣದ ಹಾಗೆ ತಣ್ಣಗುಂಟಲ್ಲ. ನಿಮ್ಮನ್ನು ಯಾರು ಪರೀಕ್ಷೆ ಮಾಡುದು?"

ಈ ಮಾತು ಆ ದಿನವೇ ಬಂತೋ, ಅದಕ್ಕೂ ಮೊದಲಿನ ಭೇಟಿಯಲ್ಲೋ ಎಂದು ಕೆಲವೊಮ್ಮೆ ಅನುಮಾನ ಬರುತ್ತದೆ. ಆದರೆ ಮೊದಲೇ ಕೇಳಿದ್ದರೆ ಎರಡನೆಯ ಪರೀಕ್ಷೆಯನ್ನು ಹಾಗೆ ಮಾಡುತ್ತಿರಲಿಲ್ಲ. ಆದ್ದರಿಂದ ಆ ದಿನವೇ ಎಂದು ಇಟ್ಟುಕೊಂಡಿದ್ದೇನೆ. ತಣ್ಣಗಾದ ಸ್ನಾಯುವಿನಲ್ಲಿ, ಸಂದನ್ನು ಖಾಲಿ ಮಾಡುವ ಆ ಕಿಣ್ವ ನಿಧಾನವಾಗುತ್ತದೆ. ಸುರಿದದ್ದು ಹೆಚ್ಚು ಹೊತ್ತು ಉಳಿಯುತ್ತದೆ, ಇದ್ದ ಕೆಲವೇ ಗ್ರಾಹಕಗಳಿಗೂ ಸಾಕಾಗುತ್ತದೆ. ತಣ್ಣಗಿನ ಕೈ ಈ ರೋಗವನ್ನು ಮುಚ್ಚಿಡುತ್ತದೆ ಎಂದು ನಮ್ಮ ಕ್ಷೇತ್ರದಲ್ಲಿ ಎಲ್ಲರೂ ಓದಿರುತ್ತಾರೆ. ಆದರೆ ನಮ್ಮ ಕೋಣೆಯಲ್ಲಿ ಯಂತ್ರಕ್ಕಾಗಿ ದಿನವಿಡೀ ಏಸಿ ಓಡುತ್ತಿತ್ತು. ನನ್ನ ಕೈ, ಟೆಕ್ನಿಷಿಯನ್ನರ ಕೈ, ರೋಗಿಯ ಕೈ ಎಲ್ಲ ಒಂದೇ ರೀತಿ ತಣ್ಣಗಿರುತ್ತಿದ್ದವು. ಹಾಗಾಗಿ ಆಕೆಯ ಕೈ ನಮಗೆ ತಣ್ಣಗೆ ಎನ್ನಿಸಲೇ ಇಲ್ಲ.

ಪೆನ್ನು ತೆಗೆದುಕೊಂಡೆ, ಆದರೆ ಸಹಿ ಹಾಕಲಿಲ್ಲ. ಇನ್ನೊಂದು ದಿನ ಬೇಕು ಎಂದು ಹಿರಿಯ ವೈದ್ಯರಿಗೆ ಹೇಳಿದೆ.

"ಮೂರನೆಯ ಸಲವಾ?" ಎಂದರು. "ನಿಮಗೆ ಬೇಕಾದ ಉತ್ತರ ಬರುವವರೆಗೆ ಮಾಡುವುದಾ?"

ಪ್ರಶ್ನೆ ನ್ಯಾಯವಾದದ್ದು. ನಾನೂ ಬೇರೆಯವರನ್ನು ಅದನ್ನೇ ಕೇಳುವವನು. "ಆಗಿದ್ದೆರಡೂ ಪರೀಕ್ಷೆಯೇ ಅಲ್ಲ ಸರ್," ಎಂದೆ. "ಮಲಗಿ ಬಂದಿದ್ದಾರೆ, ಕೈಯೂ ತಣ್ಣಗಿತ್ತು. ಈ ಸಲವೂ ಹಾಗೆಯೇ ಬಂದರೆ ಸಹಿ ಹಾಕುತ್ತೇನೆ."

ಮಾತ್ರೆಯನ್ನು ಆವರೆಗೆ ತಡೆಯಲು ಅವರು ಒಪ್ಪಿದರು.

ಅತ್ತೆಗೆ ವಿವರಿಸುವುದು ಹೆಚ್ಚು ಕಷ್ಟವಾಯಿತು. ನರಕ್ಕೂ ಸ್ನಾಯುವಿಗೂ ನಡುವೆ ಸಂದು ಉಂಟು, ನರ ಕೂಗುತ್ತದೆ, ಆಚೆಯವನು ಕೇಳಬೇಕು, ಇವರಲ್ಲಿ ಕೇಳುವ ಕಿವಿಗಳು ಕಡಿಮೆಯಾಗಿರಬಹುದು ಎಂದೆ.

"ನಮ್ಮ ಮನೆಯ ಗಂಡಸರ ಹಾಗೆ," ಎಂದರು ಅವರು. ಸೊಸೆ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು. ಆಕೆ ನಗುವುದನ್ನು ಅವತ್ತೇ ಮೊದಲು ನೋಡಿದ್ದು. ತುಟಿಯ ಅಂಚುಗಳು ಮೇಲೆ ಏಳಲಿಲ್ಲ, ಹಲ್ಲು ಬಿಟ್ಟ ಹಾಗೆ ಕಾಣುತ್ತಿತ್ತು. ಆ ನಗೆ ಈ ರೋಗದಲ್ಲಿ ಇರುವಂಥದ್ದೇ.

"ನಾಳೆ ಮೊಗ್ಗು ತಗೊಂಡೇ ಬನ್ನಿ," ಎಂದೆ. "ಇಲ್ಲಿ ಕೂತು ಕಟ್ಟಬೇಕು. ಬೀಳುವವರೆಗೆ."

ಮರುದಿನ ಮೊದಲ ಬಸ್ಸಿಗೆ ಬಂದರು. ಬುಟ್ಟಿಯಲ್ಲಿ ಬಾಳೆಲೆ, ಎಲೆಯಲ್ಲಿ ಮೊಗ್ಗು, ನೆನೆಸಿದ ನಾರು. ಏಸಿ ನಿಲ್ಲಿಸಿ ಕಿಟಕಿ ತೆರೆದೆವು. "ಮಷಿನ್ ಬಿಸಿಯಾದ್ರೆ ನನ್ನನ್ನು ಕೇಳ್ಬೇಡಿ ಸರ್," ಎಂದು ಗೊಣಗಿದ ಟೆಕ್ನಿಷಿಯನ್ನರು ತಾವೇ ಹೋಗಿ ಬಿಸಿನೀರಿನ ಚೀಲ ತಂದರು. ಕಟ್ಟುವಾಗ ಅಡ್ಡ ಬಾರದಂತೆ ಬಲಗೈಯ ಕಿರುಬೆರಳ ಬದಿಗೆ ತಂತಿಯ ತುಂಡುಗಳನ್ನು ಮೊದಲೇ ಅಂಟಿಸಿಟ್ಟೆವು.

ಆಕೆ ಚಾಪೆಯ ಮೇಲೆ ಕೂತು ಕಟ್ಟತೊಡಗಿದರು. ಮೊದಲ ಚೆಂಡನ್ನು ನಾನು ಸರಿಯಾಗಿ ನೋಡಲೇ ಇಲ್ಲ, ಅಷ್ಟು ವೇಗ. ಎರಡನೆಯದರ ನಡುವೆ ಒಂದು ಕಣ್ಣು ಮುಚ್ಚಿ ಕಟ್ಟಿದರು, ನಾರು ಒಂದಾಗಿ ಕಾಣಲೆಂದು. ಮೂರನೆಯದಕ್ಕೆ ಬಂದಾಗ ಎಡಗೈಯಿಂದ ಗಲ್ಲ ಎತ್ತಿ ಹಿಡಿದು, ನೋಡಿ, ಮತ್ತೆ ಕೈ ಇಳಿಸಿ ಒಂದು ಗಂಟು ಹಾಕುತ್ತಿದ್ದರು. ಗಂಟುಗಳು ಸಡಿಲವಾದವು. ಮಾಲೆಯ ತುದಿಯಿಂದ ಮೊಗ್ಗು ಜಾರಿ ಚಾಪೆಯ ಮೇಲೆ ಬೀಳುತ್ತಿತ್ತು.

"ಸಾಕು, ಬಿಡಿಸಿ ಡಾಕ್ಟ್ರೆ," ಎಂದರು ಅತ್ತೆ. ದನಿ ಬೇರೆಯಾಗಿತ್ತು.

"ಇನ್ನೂ ಸ್ವಲ್ಪ ಅಮ್ಮ."

"ನಿಮಗೆ ಕರುಳು ಉಂಟಾ?"

ನಿಜವಾಗಿ ಆಗ ನನಗೆ ಗೊತ್ತಿರಲಿಲ್ಲ.

ನಾರು ಬೆರಳಿನಿಂದ ಬಿದ್ದ ಮೇಲೆ ಮಂಚಕ್ಕೆ ಏರಿಸಿ, ಕೈಯ ಕೆಳಗೆ ಬಿಸಿನೀರಿನ ಚೀಲ ಇಟ್ಟು ಆಘಾತ ಕೊಟ್ಟೆವು. ದಿಬ್ಬಗಳು ಬಂದವು. ಬಹುತೇಕ ಸಮ.

ಟೆಕ್ನಿಷಿಯನ್ನರು ನನ್ನ ಮುಖ ನೋಡಿದರು. "ಸರ್, ಇದೂ ನಾರ್ಮಲ್."

ಕೋಣೆಯಲ್ಲಿ ಮಲ್ಲಿಗೆಯ ವಾಸನೆ ತುಂಬಿತ್ತು. ಅತ್ತೆಗೆ ನಾರ್ಮಲ್ ಎಂಬ ಶಬ್ದ ಅರ್ಥವಾಗುತ್ತಿತ್ತು. ನಾನು ಗಡಿಯಾರ ನೋಡಿದೆ. ಸ್ನಾಯು ಬಲವಾಗಿ ದುಡಿದ ಕೂಡಲೇ ನರದ ತುದಿಯಲ್ಲಿ ಕ್ಯಾಲ್ಸಿಯಂ ಉಳಿದಿರುತ್ತದೆ, ಅದರಿಂದಾಗಿ ಸ್ವಲ್ಪ ಹೊತ್ತು ಅದು ಹೆಚ್ಚು ಸುರಿಯುತ್ತದೆ. ಕುಗ್ಗಿದ ದಿಬ್ಬಗಳು ಆಗ ತಾತ್ಕಾಲಿಕವಾಗಿ ಎದ್ದು ನಿಲ್ಲುತ್ತವೆ. ನಿಜವಾದ ಸೋಲು ಕಾಣುವುದು ಆಮೇಲೆ.

"ಕಾಯುವ," ಎಂದೆ.

ಮೂರು ನಿಮಿಷ ಇರಬಹುದು. ಆಕೆಯ ಎರಡೂ ರೆಪ್ಪೆಗಳು ಇಳಿದಿದ್ದವು. ಬಾಯಿಯ ಅಂಚಿನಲ್ಲಿ ಜೊಲ್ಲು, ಅದನ್ನು ಅತ್ತೆ ಸೆರಗಿನಿಂದ ಒರೆಸಿದರು. ಮತ್ತೆ ಆಘಾತ ಕೊಟ್ಟೆ. ಮೊದಲ ದಿಬ್ಬ. ಎರಡನೆಯದು ಅದಕ್ಕಿಂತ ಗಿಡ್ಡ. ಮೂರನೆಯದು ಇನ್ನೂ ಗಿಡ್ಡ. ನಾಲ್ಕನೆಯದು ಮೊದಲನೆಯದರ ಅರ್ಧಕ್ಕೆ ಬಂದು ನಿಂತಿತು. ನಂಬದೆ ಮತ್ತೊಮ್ಮೆ ಮಾಡಿದೆ. ಮತ್ತೆ ಅದೇ ಮೆಟ್ಟಿಲು. ಪರದೆಯನ್ನು ಆಕೆಯ ಕಡೆಗೆ ತಿರುಗಿಸಿದೆ. ರೆಪ್ಪೆಯನ್ನು ಬೆರಳಿನಿಂದ ಎತ್ತಿ ಹಿಡಿದು ಅವರು ನೋಡಿದರು.

"ಈಗ ನಂಬ್ತೀರಾ?" ಎಂದು ಅವರು ಕೇಳಿದ್ದು, ಅಥವಾ ಕೇಳದೆ ಇದ್ದದ್ದು, ಆಗಲೇ.

ಹಿರಿಯ ವೈದ್ಯರು ಬಂದು ಪರದೆ ನೋಡಿದರು, ರೆಪ್ಪೆ ನೋಡಿದರು, ಒಂದೇ ಉಸಿರಿನಲ್ಲಿ ಎಷ್ಟರವರೆಗೆ ಎಣಿಸಬಲ್ಲಿರಿ ಎಂದು ಕೇಳಿದರು. ಆಕೆ ಹತ್ತನ್ನು ಮುಟ್ಟಲಿಲ್ಲ. "ಮಣಿಪಾಲಕ್ಕೆ, ಈಗಲೇ," ಎಂದರು. ಅಲ್ಲಿ ತುರ್ತು ಘಟಕಕ್ಕೆ ಸೇರಿಸಿಕೊಂಡರು. ಎರಡು ದಿನದೊಳಗೆ ಉಸಿರು ಸೋತು ವೆಂಟಿಲೇಟರ್ ಬೇಕಾಯಿತು. ರಕ್ತದ ಪ್ಲಾಸ್ಮಾ ತೆಗೆದು ಪ್ರತಿಕಾಯಗಳನ್ನು ಸೋಸಿದರು, ಕಿಣ್ವವನ್ನು ತಡೆಯುವ ಮಾತ್ರೆ ಶುರು ಮಾಡಿದರು. ನಾನು ಸಂಜೆ ಕೋಣೆಗೆ ಹೋಗುವ ದಾರಿಯಲ್ಲಿ ಆ ಘಟಕದ ಹೊರಗೆ ನಿಂತು ಅತ್ತೆಯನ್ನು ವಿಚಾರಿಸಿ ಹೋಗುತ್ತಿದ್ದೆ. ಒಂದು ಸಂಜೆ ಅವರು, "ಟ್ಯೂಬ್ ತೆಗೆದ್ರು, ಗಂಜಿ ಬೇಕಂತೆ ಅವಳಿಗೆ," ಎಂದರು. ಒಳ್ಳೆಯದಾಯಿತು ಎಂದೆ. ಬಸ್ಸಿನಲ್ಲಿ ಕೂತ ಮೇಲೆ ನನಗೂ ಹಸಿವಾಗುತ್ತಿರುವುದು ತಿಳಿಯಿತು. ಅದಕ್ಕೆ ಹೆಚ್ಚಿನ ಅರ್ಥವನ್ನೇನೂ ನಾನು ಹಚ್ಚುವುದಿಲ್ಲ.

ನಂತರ ಇದನ್ನು ವಿದ್ಯಾರ್ಥಿಗಳಿಗೆ ಹಲವು ಸಲ ಹೇಳಿದ್ದೇನೆ. ಹೇಳಿದಷ್ಟೂ ಕಥೆ ನುಣುಪಾಗುತ್ತ ಹೋಯಿತು. ಕೆಲವು ಸಲ ಬಿಸಿನೀರಿನ ಚೀಲದ ಯೋಚನೆ ನನ್ನದಾಗುತ್ತಿತ್ತು, ಕೆಲವು ಸಲ ಟೆಕ್ನಿಷಿಯನ್ನರದು. "ಈಗ ನಂಬ್ತೀರಾ" ಎಂಬ ಮಾತು ಮಾತ್ರ ಪ್ರತಿ ಸಲವೂ ಬರುತ್ತಿತ್ತು, ಪ್ರತಿ ಸಲವೂ ಸ್ವಲ್ಪ ಹೆಚ್ಚು ಸ್ಪಷ್ಟವಾಗಿ. ಅದೇ ನನಗೆ ಅನುಮಾನ ಹುಟ್ಟಿಸಿತು. ನೆನಪು ಹಾಗೆ ದಿನೇದಿನೇ ಸ್ಪಷ್ಟವಾಗಬಾರದು.

ಹೋದ ಬೇಸಿಗೆಯಲ್ಲಿ ಒಂದು ಬೆಳಗ್ಗೆ ಕಾರ್ಕಳದಿಂದ ಬೆಳ್ಮಣ್ ದಾರಿಯಾಗಿ ಕಾಪುವಿಗೆ ಹೋಗುವುದಿತ್ತು. ಇನ್ನಂಜೆಯಲ್ಲಿ ಇಳಿದೆ. ಜಗಲಿಯಲ್ಲಿ ಆಕೆ ಹೂ ಕಟ್ಟುತ್ತಿದ್ದರು. ಅತ್ತೆ ನನ್ನ ಕೈ ಹಿಡಿದು ನೋಡಿ, "ಈಗ ಅಡ್ಡಿಲ್ಲ, ಬಿಸಿ ಉಂಟು," ಎಂದು ಚಹಾ ಮಾಡಲು ಒಳಗೆ ಹೋದರು.

ಕೇಳಲು ಬಂದದ್ದನ್ನು ಕೇಳಿದೆ: ಅವತ್ತು ಆ ಮಾತನ್ನು ನಿಜವಾಗಿ ಆಡಿದಿರಾ ಎಂದು.

ಆಕೆ ಕಟ್ಟುತ್ತಲೇ ಯೋಚಿಸಿದರು. "ನನಗೂ ಗೊತ್ತಿಲ್ಲ ಸರ್. ಅವತ್ತು ಒಳಗೆ ತುಂಬ ಮಾತಿತ್ತು. ಯಾವುದು ಹೊರಗೆ ಬಂತು, ಯಾವುದು ಒಳಗೇ ಉಳೀತು ಅಂತ ಹೇಳ್ಲಿಕ್ಕೆ ಆಗುದಿಲ್ಲ." ಆಮೇಲೆ, "ಕೇಳಿದ್ರೆ ನೀವು ಎಂತ ಹೇಳಿದ್ರಿ?" ಎಂದರು.

ಅದೂ ನನಗೆ ನೆನಪಿಲ್ಲ.

ಅವರು ಕಟ್ಟುತ್ತಿದ್ದದ್ದು ಮೂರನೆಯ ಚೆಂಡು. ಎರಡು ಆದ ಮೇಲೆ ಮಾತ್ರೆ ತೆಗೆದುಕೊಂಡು ಸ್ವಲ್ಪ ಕೂತು, ಆಮೇಲೆ ಮೂರನೆಯದಕ್ಕೆ ಕೈ ಹಾಕುತ್ತಾರಂತೆ. ನಾರಿನ ತುದಿ ಕತ್ತರಿಸಿ ಬಾಳೆಲೆಯ ಮೇಲೆ ಇಟ್ಟ ಮೇಲೆ, ಅವರ ಅನುಮತಿ ಕೇಳಿ ಮಾಲೆಯ ಕೊನೆಯನ್ನು ಕೈಗೆ ತೆಗೆದುಕೊಂಡೆ. ಕೊನೆಯ ಮೊಗ್ಗನ್ನು ಎರಡು ಬೆರಳಿನಲ್ಲಿ ಹಿಡಿದು ಮೆಲ್ಲಗೆ ಎಳೆದೆ. ಅದರ ಹಿಂದಿನದನ್ನೂ ಎಳೆದೆ, ಅದರ ಹಿಂದಿನದನ್ನೂ. ಒಂದೂ ಜಾರಲಿಲ್ಲ.